ಸೈನಿಕನ ಹೆಂಡತಿ, ಹದಿನಾರರ ಹುಡುಗ: ನೂರು ವರ್ಷವಾದರೂ ಮುಗಿಯದ ತಕರಾರು

2025ರ ಆಗಸ್ಟ್‌ನಲ್ಲಿ ಕರ್ನಾಟಕ ಹೈಕೋರ್ಟಿನ ಒಂದು ಆದೇಶ ಸುದ್ದಿಯಾಯಿತು. 52 ವರ್ಷದ ಮಹಿಳೆಯೊಬ್ಬರ ಮೇಲೆ, ಮಕ್ಕಳನ್ನು ಲೈಂಗಿಕ ದೌರ್ಜನ್ಯದಿಂದ ರಕ್ಷಿಸುವ ಪೋಕ್ಸೊ ಕಾಯ್ದೆಯಡಿ ಕೇಸು ಬಿದ್ದಿತ್ತು. ಹುಡುಗನೊಬ್ಬನ ಮೇಲೆ ಲೈಂಗಿಕ ದೌರ್ಜನ್ಯ ಎಸಗಿದ ಆರೋಪ. ಆರೋಪದ ಕಾಲಕ್ಕೆ ಅವನಿಗೆ 13 ವರ್ಷ. ಕೇಸು ರದ್ದು ಮಾಡಿ ಎಂದು ಆಕೆ ಹೈಕೋರ್ಟಿಗೆ ಹೋಗಿದ್ದರು. ನ್ಯಾಯಮೂರ್ತಿ ಎಂ. ನಾಗಪ್ರಸನ್ನ ಒಪ್ಪಲಿಲ್ಲ. ಪೋಕ್ಸೊಗೆ ಗಂಡು ಹೆಣ್ಣು ಎಂಬ ಭೇದ ಇಲ್ಲ, ವಿಚಾರಣೆ ನಡೆಯಲಿ ಎಂದರು.

ಅವತ್ತು ನಾನು ಟೀ ಅಂಗಡಿಯಲ್ಲಿದ್ದೆ. ಪೇಪರು ಕೈಯಿಂದ ಕೈಗೆ ಹೋಗುತ್ತಿತ್ತು. ಆ ಸುದ್ದಿ ಓದಿದವರೊಬ್ಬರು ನಕ್ಕು, ‘ಹುಡುಗನಿಗೇನ್ರೀ ನಷ್ಟ?’ ಎಂದರು. ಇನ್ನಿಬ್ಬರು ನಕ್ಕರು. ಅದೇ ಸುದ್ದಿಯಲ್ಲಿ ಹುಡುಗಿ ಇದ್ದು, ಆರೋಪಿ ಗಂಡಸಾಗಿದ್ದರೆ ಆ ಮೂವರೂ ‘ನೇಣಿಗೆ ಹಾಕ್ಬೇಕು’ ಅನ್ನುತ್ತಿದ್ದರು. ಅದರಲ್ಲಿ ನನಗೆ ಅನುಮಾನ ಇಲ್ಲ.

ಆ ನಗು ಕೇಳಿದಾಗ ನನಗೆ ನೆನಪಾಗಿದ್ದು ಒಂದು ಫ್ರೆಂಚ್ ಕಾದಂಬರಿ. ರೇಮೋ ರಾದಿಗೆ ಬರೆದ ‘ಲ ದ್ಯಾಬ್ಲ್ ಓ ಕೋರ್’. ಮೈಹೊಕ್ಕ ದೆವ್ವ ಅಂತ ಹೇಳಬಹುದು. 1923ರಲ್ಲಿ ಬಂದಿದ್ದು. ಹದಿಹರೆಯದ ಹುಡುಗ ಮತ್ತು ಅವನಿಗಿಂತ ದೊಡ್ಡವಳಾದ, ಮದುವೆಯಾದ ಹೆಣ್ಣಿನ ಕಥೆ ಎಂದರೆ ಫ್ರಾನ್ಸ್‌ನಲ್ಲಿ ಇವತ್ತಿಗೂ ಮೊದಲು ಬಾಯಿಗೆ ಬರುವ ಹೆಸರುಗಳಲ್ಲಿ ಇದೂ ಒಂದು. ಬಂದಾಗ ದೊಡ್ಡ ಗಲಾಟೆಯಾಯಿತು. ಆದರೆ ಆ ಗಲಾಟೆ ಯಾವುದಕ್ಕೆ ಆಯಿತು ಅನ್ನೋದೇ ಇಲ್ಲಿ ಮುಖ್ಯ. ಹುಡುಗನ ವಯಸ್ಸಿಗಂತೂ ಅಲ್ಲ.

ಕಥೆ ಹೀಗಿದೆ. ಮೊದಲ ಮಹಾಯುದ್ಧದ ಕಾಲ. ಪ್ಯಾರಿಸ್ ಪಕ್ಕದಲ್ಲಿ, ಮಾರ್ನ್ ನದಿಯ ದಡದ ಊರುಗಳು. ಕಥೆ ಹೇಳುವ ಹುಡುಗನಿಗೆ ಹೆಸರಿಲ್ಲ. ಶುರುವಿನಲ್ಲೇ ಅವನು ತನ್ನ ಪರ ವಕಾಲತ್ತು ಮಾಡಿಕೊಳ್ಳುತ್ತಾನೆ. ನನ್ನನ್ನು ಎಲ್ಲರೂ ಬೈಯುತ್ತಾರೆ ಅಂತ ಗೊತ್ತು, ಆದರೆ ಯುದ್ಧ ಶುರುವಾಗುವ ಕೆಲವು ತಿಂಗಳ ಮುಂಚೆ ನನಗೆ ಹನ್ನೆರಡು ತುಂಬಿದ್ದು ನನ್ನ ತಪ್ಪಾ ಅಂತ ಕೇಳುತ್ತಾನೆ. ಜೊತೆಗೆ ಇನ್ನೊಂದು ಮಾತು ಹೇಳುತ್ತಾನೆ. ನಮ್ಮಂಥ ಹುಡುಗರಿಗೆ ಯುದ್ಧ ಅಂದರೆ ನಾಲ್ಕು ವರ್ಷದ ದೊಡ್ಡ ರಜೆ. ಹತ್ತು ಲಕ್ಷಕ್ಕೂ ಹೆಚ್ಚು ಸೈನಿಕರನ್ನು ಕಳೆದುಕೊಂಡ ದೇಶಕ್ಕೆ, ಯುದ್ಧ ನಿಂತು ಐದೇ ವರ್ಷಕ್ಕೆ, ಒಬ್ಬ ಹುಡುಗ ಬಂದು ‘ನಮಗೆ ಅದು ರಜೆ’ ಅಂದರೆ ಹೇಗಿರಬೇಡ!

ಆ ರಜೆಯಲ್ಲಿ ಅವನಿಗೆ ಸಿಗುವವಳು ಮಾರ್ತ್. ಮೊದಲ ಸಲ ಅವನು ಅವಳನ್ನು ನೋಡುವುದು ರೈಲ್ವೆ ಸ್ಟೇಷನ್ನಿನಲ್ಲಿ. ಗಾಡಿ ಪೂರ್ತಿ ನಿಲ್ಲುವ ಮುಂಚೆಯೇ ಅವಳು ಪ್ಲಾಟ್‌ಫಾರಂ ಮೇಲೆ ಹಾರುತ್ತಾಳೆ, ನಿಲ್ಲಲಿ ತಾಳು ಅಂತ ತಾಯಿ ಕೂಗುತ್ತಾಳೆ. ಮಾರ್ತ್‌ಗೆ ಹದಿನೆಂಟು. ಜಾಕ್ ಎಂಬ ಸೈನಿಕನ ಜೊತೆ ಮದುವೆ ಗೊತ್ತಾಗಿದೆ. ಹುಡುಗ ಸ್ಕೂಲಿಗೆ ಚಕ್ಕರ್ ಹೊಡೆದು ಅವಳ ಜೊತೆ ಪ್ಯಾರಿಸ್‌ನಲ್ಲಿ ಮೇಜು ಕುರ್ಚಿ ಮಂಚ ಕೊಳ್ಳಲು ಹೋಗುತ್ತಾನೆ. ಈ ಭಾಗ ಓದುವಾಗ ನಗು ಬರುತ್ತೆ, ಆಮೇಲೆ ಮೈ ಜುಮ್ ಅನ್ನುತ್ತೆ. ಅವಳಿಗೆ ಇಷ್ಟವಾದ ಸಾಮಾನನ್ನೆಲ್ಲ ಅವನು ಬೇಡ ಅನ್ನುತ್ತಾನೆ. ಅವಳ ಗಂಡನಾಗುವವನ ರುಚಿ ಏನು ಅಂತ ಕೇಳಿಕೊಂಡು ಅದಕ್ಕೆ ಉಲ್ಟಾ ಆರಿಸುತ್ತಾನೆ. ಕೊನೆಗೆ ಬೇರೆಯವನ ಸಂಸಾರದ ಕೋಣೆ ಇವನು ಆರಿಸಿದ ಸಾಮಾನಿನಿಂದ ತುಂಬುತ್ತದೆ. ಹದಿನೈದರ ಹುಡುಗನಿಗೆ ಬೇರೆ ಯಾವ ಗೆಲುವು ಸಿಗುತ್ತೆ ಹೇಳಿ.

ಮದುವೆಯಾಗುತ್ತದೆ. ಜಾಕ್ ಮತ್ತೆ ಯುದ್ಧಕ್ಕೆ ಹೋಗುತ್ತಾನೆ. ಹುಡುಗ ಅವಳ ಮನೆಗೆ ಓಡಾಡಲು ಶುರು ಮಾಡುತ್ತಾನೆ. 1918ರ ಮಾರ್ಚ್‌ನಲ್ಲಿ, ಅವನಿಗೆ ಹದಿನಾರು ತುಂಬುವ ಹೊತ್ತಿಗೆ, ಸಂಬಂಧ ಬೆಳೆದಿರುತ್ತದೆ. ಮುಂದಿನದು ಪ್ರೀತಿಯೂ ಹೌದು, ಹಿಂಸೆಯೂ ಹೌದು. ಹಿಂಸೆ ಮಾಡುವವನು ಹೆಚ್ಚಾಗಿ ಹುಡುಗನೇ. ಯುದ್ಧಭೂಮಿಯಲ್ಲಿರುವ ಗಂಡನಿಗೆ ಅವಳು ಬರೆದ ಪ್ರೀತಿಯ ಕಾಗದಗಳು ಯಾವಾದರೂ ಇದ್ದರೆ, ಅವು ನಾನು ಹೇಳಿ ಬರೆಸಿದವು ಅಂತ ಅವನೇ ಒಪ್ಪಿಕೊಳ್ಳುತ್ತಾನೆ. ಆಮೇಲೆ ಬಸುರಿ ಮಾರ್ತ್‌ಳನ್ನು ಚಳಿಯ ರಾತ್ರಿ, ಮಳೆಯಲ್ಲಿ, ಪ್ಯಾರಿಸ್ ಬೀದಿಗಳಲ್ಲಿ ನಡೆಸುತ್ತಾನೆ. ಹೋಟೆಲಿನಲ್ಲಿ ರೂಮು ಕೇಳಬೇಕು, ಕೇಳಲು ಇವನಿಗೆ ನಾಚಿಕೆ. ಒಂದು ಬಾಗಿಲಿಗೆ ಹೋಗುವುದು, ವಾಪಸ್ ಬರುವುದು. ಕೊನೆಗೆ ರೂಮೂ ಇಲ್ಲ ಏನೂ ಇಲ್ಲ. ಅವಳಿಗೆ ಕಾಯಿಲೆ ಹಿಡಿಯುತ್ತದೆ, ಹೆರಿಗೆಯಾದ ಸ್ವಲ್ಪ ದಿನಕ್ಕೆ ಸಾಯುತ್ತಾಳೆ. ಇಡೀ ಪುಸ್ತಕದಲ್ಲಿ ಅವನು ಎಷ್ಟು ಚಿಕ್ಕವನು ಅಂತ ನನಗೆ ಹೊಳೆದಿದ್ದು ಈ ಹೋಟೆಲಿನ ಬಾಗಿಲಲ್ಲಿ. ಉಳಿದ ಕಡೆಯೆಲ್ಲ ಅವನ ಮಾತು ಎಷ್ಟು ಚುರುಕು ಅಂದರೆ ವಯಸ್ಸು ಮರೆತೇ ಹೋಗುತ್ತದೆ.

ಈಗ ಗಲಾಟೆಯ ವಿಷಯಕ್ಕೆ ಬರೋಣ.

ಪ್ರಕಾಶಕ ಬರ್ನಾರ್ ಗ್ರಾಸೆ ಪ್ರಚಾರದಲ್ಲಿ ಪಳಗಿದ ಕೈ. ಲೇಖಕನಿಗೆ ಹದಿನೇಳು ವರ್ಷ ಅಂತ ಡಂಗುರ ಹೊಡೆಸಿದ. ಸಿನಿಮಾ ಹಾಲ್‌ಗಳಲ್ಲಿ ತೋರಿಸುವ ವಾರ್ತಾಚಿತ್ರದಲ್ಲೂ ಹುಡುಗನ ಮುಖ ಬಂತು. 1903ರ ಜೂನ್‌ನಲ್ಲಿ ಹುಟ್ಟಿದ ರಾದಿಗೆಗೆ ಪುಸ್ತಕ ಬಂದಾಗ ನಿಜಕ್ಕೂ ಹತ್ತೊಂಬತ್ತು. ಸುಳ್ಳು ಸಣ್ಣದು, ಆದರೆ ಗಮನಿಸಿ: ಅವತ್ತಿನ ಮಾರುಕಟ್ಟೆಗೆ ಎಳೆ ವಯಸ್ಸು ಒಂದು ಆಕರ್ಷಣೆಯಾಗಿತ್ತು, ಆತಂಕ ಆಗಿರಲಿಲ್ಲ. ಬೈದವರು ಬೈದಿದ್ದು ಬೇರೆಯದಕ್ಕೆ. ಗಡಿಯಲ್ಲಿ ಸಾಯುತ್ತಿದ್ದವನ ಹೆಂಡತಿಯ ಜೊತೆ, ಅವನ ಮನೆಯಲ್ಲೇ! ಅವಮಾನವಾಗಿದ್ದು ಸೈನಿಕನಿಗೆ, ದೇಶಕ್ಕೆ. ಆ ಲೆಕ್ಕದಲ್ಲಿ ಹುಡುಗ ಕಳ್ಳ, ಮಾರ್ತ್ ದ್ರೋಹಿ. ಮೋಸ ಹೋದವನು ಗಂಡ ಒಬ್ಬನೇ.

ಕಾನೂನೂ ಹಾಗೇ ಇತ್ತು. ಆಗಿನ ಫ್ರಾನ್ಸ್‌ನಲ್ಲಿ ಮಕ್ಕಳ ರಕ್ಷಣೆಯ ಗೆರೆ ಇದ್ದದ್ದು 13 ವರ್ಷಕ್ಕೆ. ಅದು 15ಕ್ಕೆ ಏರಿದ್ದು 1945ರಲ್ಲಿ. ಅಂದರೆ ಹದಿನಾರರ ಹುಡುಗನ ಬಗ್ಗೆ ಕಾನೂನಿಗೆ ಚಿಂತೆಯೇ ಇಲ್ಲ. ಬದಲಿಗೆ ಹೆಂಡತಿಯ ವ್ಯಭಿಚಾರ ಅಪರಾಧವಾಗಿತ್ತು. ಮೂರು ತಿಂಗಳಿಂದ ಎರಡು ವರ್ಷದವರೆಗೆ ಜೈಲು. ಗಂಡ ತಪ್ಪಿದರೆ? ಇಟ್ಟುಕೊಂಡವಳನ್ನು ಮನೆಯೊಳಗೇ ತಂದಿಟ್ಟರೆ ಮಾತ್ರ ದಂಡ! ಹೆಂಡತಿಯ ಪ್ರಿಯಕರನಿಗೂ ಜೈಲು ಇತ್ತು, ಮೇಲೆ ದಂಡವೂ ಇತ್ತು. ಅವನ ವಿರುದ್ಧ ಒಪ್ಪುತ್ತಿದ್ದ ಸಾಕ್ಷಿ ಎರಡೇ ಬಗೆ: ಕೈಯಾರೆ ಸಿಕ್ಕಿಬೀಳಬೇಕು, ಇಲ್ಲಾ ಅವನೇ ಬರೆದ ಕಾಗದ ಪತ್ರ ಸಿಗಬೇಕು. ರಾದಿಗೆ ಒಂದು ಕಾದಂಬರಿಯನ್ನೇ ಬರೆದಿಟ್ಟ. ಈ ಕಾನೂನು ಹೋಗಿದ್ದು 1975ರಲ್ಲಿ.

ನಮ್ಮದೇನು ಕಮ್ಮಿ ಇರಲಿಲ್ಲ. ಭಾರತೀಯ ದಂಡ ಸಂಹಿತೆಯ 497ನೇ ಕಲಂ ನೆನಪಿದೆಯಾ? ಇನ್ನೊಬ್ಬನ ಹೆಂಡತಿಯ ಜೊತೆ ಸಂಬಂಧ ಇಟ್ಟುಕೊಂಡ ಗಂಡಸಿಗೆ ಐದು ವರ್ಷದವರೆಗೆ ಜೈಲು. ಹೆಂಡತಿಗೆ ಶಿಕ್ಷೆ ಇಲ್ಲ, ಯಾಕೆಂದರೆ ಅವಳು ಗಂಡನ ಸೊತ್ತು ಎಂಬ ಲೆಕ್ಕ. ಸುಪ್ರೀಂ ಕೋರ್ಟ್ ಅದನ್ನು ತೆಗೆದುಹಾಕಿದ್ದು 2018ರ ಸೆಪ್ಟೆಂಬರ್‌ನಲ್ಲಿ. ಮಾರ್ತ್ ಕಥೆ ಆ ಕಲಮಿನ ಕಣ್ಣಲ್ಲಿ ನಡೆದಿದ್ದರೆ ಅಪರಾಧಿ ಆ ಹುಡುಗನೇ. ಬಾಲಾಪರಾಧಿ ಅಂತ ಬೇರೆ ಕಡೆ ವಿಚಾರಣೆಯಾಗುತ್ತಿತ್ತು, ಅಷ್ಟೇ ವ್ಯತ್ಯಾಸ. ಅದೇ ಕಥೆಯನ್ನು 2012ರ ಪೋಕ್ಸೊ ಕಣ್ಣಲ್ಲಿ ನೋಡಿ. ಅಲ್ಲಿ 18 ತುಂಬದವರೆಲ್ಲ ಮಕ್ಕಳು. ಹುಡುಗ ಸಂತ್ರಸ್ತ, ಮಾರ್ತ್ ಆರೋಪಿ. ಅದೇ ಕೋಣೆ, ಅವರೇ ಇಬ್ಬರು. ಕಟಕಟೆಯಲ್ಲಿ ನಿಲ್ಲುವವರು ಮಾತ್ರ ಅದಲು ಬದಲು.

ಹಾಗಾದರೆ ಇವತ್ತಿನ ಕಾನೂನೇ ಸರಿಯಾದ ಓದು ಅನ್ನೋಣವೇ? ನಾನು ಮೊದಲು ಹಾಗೇ ಅಂದುಕೊಂಡಿದ್ದೆ. ಆದರೆ ವಯಸ್ಸಿನ ಲೆಕ್ಕ ಹಿಡಿದು ಹೊರಟರೆ ಇನ್ನೊಂದು ಸಂಗತಿ ಸಿಗುತ್ತದೆ.

ಕಾದಂಬರಿಯ ಹಿಂದೆ ನಿಜವಾದ ಒಂದು ಸಂಬಂಧ ಇತ್ತು. 1917ರಲ್ಲಿ ರಾದಿಗೆಗೆ ಹದಿನಾಲ್ಕರ ಆಸುಪಾಸು. ಆಕೆ ನೆರೆಮನೆಯವಳು, ವೃತ್ತಿಯಲ್ಲಿ ಟೀಚರು, ಸೈನಿಕನ ಕೈಹಿಡಿದವಳು. ಅವನಿಗಿಂತ ಸುಮಾರು ಹತ್ತು ವರ್ಷ ದೊಡ್ಡವಳು. ಪುಸ್ತಕಕ್ಕೆ ಬರುವಾಗ ಏನಾಯಿತು? ಹುಡುಗ ಒಂದೆರಡು ವರ್ಷ ದೊಡ್ಡವನಾದ, ಹೆಣ್ಣು ಐದಾರು ವರ್ಷ ಚಿಕ್ಕವಳಾದಳು. ಹತ್ತು ವರ್ಷದ ಅಂತರ ಮೂರಕ್ಕೆ ಇಳಿಯಿತು. ಟೀಚರ್ ಕೆಲಸವೂ ಹೋಯಿತು, ಜಲವರ್ಣದ ಹವ್ಯಾಸ ಬಂತು.

ಇದೊಂದೇ ಆದರೆ ಕಾಕತಾಳೀಯ ಅನ್ನಬಹುದಿತ್ತು. ಅದೇ 1923ರಲ್ಲಿ ಫ್ರೆಂಚ್ ಲೇಖಕಿ ಕೊಲೆಟ್ ಬರೆದ ‘ಲ ಬ್ಲೇ ಆನ್ ಎರ್ಬ್’ ಕಾದಂಬರಿ ಬಂತು. ಫ್ರಾನ್ಸ್‌ನ ಬ್ರಿಟನಿ ಪ್ರಾಂತ್ಯದ ಸಮುದ್ರ ತೀರದಲ್ಲಿ ರಜೆ ಕಳೆಯಲು ಬಂದ ಹದಿನಾರರ ಫಿಲ್, ಬಿಳಿ ಬಟ್ಟೆಯ ಮೂವತ್ತರ ಆಚೀಚಿನ ಮೇಡಂ ದಾಲ್ರೇ. ‘ಲ ಮತಾಂ’ ಪತ್ರಿಕೆಯಲ್ಲಿ ಧಾರಾವಾಹಿಯಾಗಿ ಬರುತ್ತಿತ್ತು, ಓದುಗರ ಸಿಟ್ಟಿಗೆ ಹೆದರಿ ಪತ್ರಿಕೆ ಕೊನೆ ಮುಟ್ಟುವ ಮುಂಚೆಯೇ ನಿಲ್ಲಿಸಿತು. ಕೊಲೆಟ್ ಬದುಕಿನಲ್ಲಿ ನಡೆದಿದ್ದೇನು? ಗಂಡನ ಮೊದಲ ಸಂಬಂಧದ ಮಗ ಬರ್ತ್ರಾಂ ದ ಜೂವನೆಲ್ ಜೊತೆ ಅವಳ ಸಂಬಂಧ ಶುರುವಾದಾಗ ಅವನಿಗೆ 16, ಅವಳಿಗೆ 47. ಮೂವತ್ತೊಂದು ವರ್ಷದ ಅಂತರ ಪುಸ್ತಕದಲ್ಲಿ ಅರ್ಧಕ್ಕೆ ಬಂತು. ಮಲತಾಯಿ ಎಂಬ ನಂಟು ಮಾಯ.

ಇಬ್ಬರು ಲೇಖಕರು, ಒಂದೇ ವರ್ಷ, ಇಬ್ಬರೂ ಅಂತರವನ್ನು ಕತ್ತರಿಸಿದರು. ಅದರಲ್ಲಿ ಒಬ್ಬಳು ದೊಡ್ಡವಳ ಜಾಗದಲ್ಲಿ ನಿಂತು ಬರೆದಳು, ಇನ್ನೊಬ್ಬ ಹುಡುಗನ ಜಾಗದಲ್ಲಿ. ತಮ್ಮ ಪುಸ್ತಕ ಆತ್ಮಕಥೆ ಅಲ್ಲ ಅಂತ ಲೇಖಕರು ಹೇಳುವುದು ಇದ್ದದ್ದೇ, ರಾದಿಗೆಯೂ ಪತ್ರಿಕೆಯಲ್ಲಿ ಹಾಗೇ ಬರೆದ. ಆದರೆ ನನಗೆ ಅನ್ನಿಸುವುದು ಇಷ್ಟು: ನಿಜ ಸಂಖ್ಯೆಯನ್ನೇ ಇಟ್ಟರೆ ಓದುಗ ಇದನ್ನು ಪ್ರೇಮಕಥೆ ಅಂತ ಓದುವುದಿಲ್ಲ ಎಂಬುದು ಇಬ್ಬರಿಗೂ ಗೊತ್ತಿತ್ತು. ಹುಡುಗನಿಗೆ ಏನೂ ನಷ್ಟ ಇಲ್ಲ ಅನ್ನುವ ಕಾಲದಲ್ಲೂ, ಹದಿನಾಲ್ಕು ಅನ್ನುವ ಅಂಕಿಯನ್ನು ಕಾಗದದ ಮೇಲೆ ಇಡಲು ಕೈ ಹಿಂಜರಿಯಿತು.

ಫ್ರಾನ್ಸ್ 2021ರ ಏಪ್ರಿಲ್‌ನಲ್ಲಿ ಹೊಸ ಕಾನೂನು ತಂದಿತು. 15 ತುಂಬದ ಮಗುವಿನ ಜೊತೆ ವಯಸ್ಕರ ಲೈಂಗಿಕ ಸಂಪರ್ಕ ಅತ್ಯಾಚಾರವೇ, ಮಗು ಒಪ್ಪಿತ್ತಾ ಅನ್ನುವ ಪ್ರಶ್ನೆಯೇ ಬೇಡ. ಜೊತೆಗೆ ಒಂದು ಷರತ್ತು: ಇಬ್ಬರ ನಡುವೆ ಕನಿಷ್ಠ ಐದು ವರ್ಷದ ಅಂತರ ಇರಬೇಕು. ಎಳೆಯರ ನಡುವಿನ ಪ್ರೇಮ ಜೈಲಿಗೆ ಹೋಗಬಾರದು ಅಂತ ಈ ಕಿಂಡಿ. ಈಗ ಕಾದಂಬರಿಯನ್ನು ಈ ತಕ್ಕಡಿಗೆ ಹಾಕಿ. ಹುಡುಗನಿಗೆ ಹದಿನಾರು, ಮಾರ್ತ್‌ಗೆ ಹತ್ತೊಂಬತ್ತು. ಅಪರಾಧ ಅಲ್ಲ. ಬದುಕನ್ನು ಹಾಕಿ. ಹದಿನಾಲ್ಕು, ಇಪ್ಪತ್ತನಾಲ್ಕರ ಸುತ್ತಮುತ್ತ. ಅಪರಾಧ. ರಾದಿಗೆ ಕತ್ತರಿಸಿದ ಆ ಆರೇಳು ವರ್ಷದ ನಡುವೆಯೇ, ನೂರು ವರ್ಷ ಆದಮೇಲೆ ಶಾಸಕರು ಗೆರೆ ಎಳೆದರು!

ನಮ್ಮಲ್ಲಿ ಆ ಕಿಂಡಿ ಇಲ್ಲ. ಪೋಕ್ಸೊದಲ್ಲಿ ಹದಿನೇಳರ ಹುಡುಗಿ, ಹತ್ತೊಂಬತ್ತರ ಹುಡುಗ ಓಡಿಹೋದರೂ ಕೇಸು, ಐವತ್ತರ ವ್ಯಕ್ತಿ ಹದಿಮೂರರ ಮಗುವನ್ನು ಮುಟ್ಟಿದರೂ ಕೇಸು. ಇದು ಸರಿಯಾ ಅಂತ ಮರುಯೋಚನೆ ಮಾಡಿ ಎಂದು ಕಾನೂನು ಆಯೋಗಕ್ಕೆ ಬರೆದಿದ್ದು ನಮ್ಮ ಹೈಕೋರ್ಟಿನ ಧಾರವಾಡ ಪೀಠವೇ, 2022ರ ನವೆಂಬರ್‌ನಲ್ಲಿ. ಆಯೋಗ 2023ರ ಸೆಪ್ಟೆಂಬರ್‌ನಲ್ಲಿ ಕೊಟ್ಟ 283ನೇ ವರದಿಯಲ್ಲಿ ವಯಸ್ಸು ಇಳಿಸುವುದು ಬೇಡ ಎಂದಿತು. 16ರಿಂದ 18ರ ನಡುವಿನವರು ಒಪ್ಪಿಕೊಂಡಿದ್ದ ಪ್ರಕರಣಗಳಲ್ಲಿ ಶಿಕ್ಷೆ ಎಷ್ಟು ಅನ್ನೋದರಲ್ಲಿ ಮಾತ್ರ ಕೋರ್ಟಿಗೆ ಸ್ವಲ್ಪ ಸಡಿಲ ಇರಲಿ ಎಂದಿತು. ಒಂದು ಪೀಠ ಎಳೆಯರ ಪ್ರೇಮದ ಬಗ್ಗೆ ತಲೆಕೆಡಿಸಿಕೊಂಡಿತು, ಅದೇ ಹೈಕೋರ್ಟಿನ ಇನ್ನೊಂದು ಪೀಠ ಹುಡುಗನೂ ಮಗುವೇ ಎಂದಿತು. ಎರಡರ ನಡುವೆ ವಿರೋಧ ಇದೆ ಅಂತ ಕೆಲವರು ಹೇಳುತ್ತಾರೆ. ನನಗೆ ಕಾಣುವುದಿಲ್ಲ. ಎರಡೂ ಕೇಳಿದ್ದು ಒಂದೇ: ಹುಡುಗನಾ ಹುಡುಗಿನಾ ಅಂತ ನೋಡಬೇಡಿ, ಅಂತರ ಎಷ್ಟು, ಯಾರ ಕೈ ಮೇಲಿತ್ತು ನೋಡಿ.

2025ರ ಆ ಆದೇಶವನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು. ಆಗ ಆರೋಪ ಸಾಬೀತಾಗಿರಲಿಲ್ಲ, ಅದು ವಿಚಾರಣಾ ನ್ಯಾಯಾಲಯದ ಕೆಲಸ. ಹೈಕೋರ್ಟಿನ ಮುಂದಿದ್ದು ಆಕೆಯ ಪರ ವಾದಗಳು ಮಾತ್ರ. ಒಂದು, ಕಾಯ್ದೆಯಲ್ಲಿ ‘ಅವನು’ ಅಂತ ಇದೆ, ಹಾಗಾಗಿ ಹೆಂಗಸಿಗೆ ಅನ್ವಯಿಸದು. ಆದರೆ ನಮ್ಮ ದಂಡ ಸಂಹಿತೆ ಓದುವ ಕ್ರಮದಲ್ಲಿ ‘ಅವನು’ ಎಂದರೆ ಹೆಣ್ಣೂ ಸೇರುತ್ತಾಳೆ, ಕಾಯ್ದೆಯ ಆ ಕಲಂ ಶುರುವಾಗುವುದೇ ‘ಒಬ್ಬ ವ್ಯಕ್ತಿ’ ಎಂಬ ಪದದಿಂದ. ಎರಡು, ಇಂಥ ಕ್ರಿಯೆಯಲ್ಲಿ ಗಂಡೇ ಮುಂದಾಗುವವನು, ಹೆಣ್ಣು ಸುಮ್ನೆ ಇರುವವಳು, ಆದ್ದರಿಂದ ಹೆಣ್ಣು ಎಸಗಲು ಸಾಧ್ಯವೇ ಇಲ್ಲ. ಇದು ಹಳೇ ಕಾಲದ ಯೋಚನೆ ಅಂತ ಕೋರ್ಟ್ ಬದಿಗಿಟ್ಟಿತು. 2024ರಲ್ಲಿ ದೆಹಲಿ ಹೈಕೋರ್ಟೂ ಇದೇ ದಾರಿಯಲ್ಲಿ ಹೋಗಿತ್ತು.

ಈ ಎರಡನೇ ವಾದ ಇದೆಯಲ್ಲ, ಅದು ಟೀ ಅಂಗಡಿಯ ನಗುವೇ ಕೋಟು ಹಾಕಿಕೊಂಡು ಬಂದಂತೆ. ಗಂಡು ಯಾವಾಗಲೂ ಮುಂದಾಗುವವನು. ಹದಿಮೂರಾದರೂ ಅವನು ಗಂಡೇ. ಆದ್ದರಿಂದ ಅವನಿಗೆ ಏನೂ ‘ಆಗುವುದಿಲ್ಲ’, ಅವನು ‘ಮಾಡುತ್ತಾನೆ’. ಕೇಂದ್ರ ಸರ್ಕಾರದ ಮಹಿಳಾ ಮತ್ತು ಮಕ್ಕಳ ಇಲಾಖೆ 2007ರಲ್ಲಿ 13 ರಾಜ್ಯಗಳಲ್ಲಿ ಒಂದು ದೊಡ್ಡ ಸಮೀಕ್ಷೆ ಮಾಡಿಸಿತ್ತು. ಯಾವುದಾದರೂ ಬಗೆಯ ಲೈಂಗಿಕ ಕಿರುಕುಳ ಅನುಭವಿಸಿದ್ದೇವೆ ಅಂದ ಮಕ್ಕಳಲ್ಲಿ ಗಂಡುಮಕ್ಕಳ ಪಾಲು ಸುಮಾರು ಶೇ. 53. ಓದಿದವರಿಗೆಲ್ಲ ಆಶ್ಚರ್ಯವಾಯಿತು. ಆಮೇಲೆ ಮರೆತೂ ಹೋಯಿತು.

ಸಿನಿಮಾದ ಕೈವಾಡವೂ ಇದೆ. 1947ರಲ್ಲಿ ಕ್ಲೋದ್ ಓತಾಂ ಲಾರಾ ರಾದಿಗೆಯ ಕಾದಂಬರಿಯನ್ನು ಸಿನಿಮಾ ಮಾಡಿದ. ಇನ್ನೊಂದು ಯುದ್ಧ ಆಗಷ್ಟೇ ಮುಗಿದಿತ್ತು, ಹಾಗಾಗಿ ಮತ್ತೆ ಅದೇ ಸೈನಿಕನ ಮಾನದ ಜಗಳ. ಹುಡುಗನ ಪಾತ್ರದಲ್ಲಿ ಜೆರಾರ್ ಫಿಲಿಪ್, ಮಾರ್ತ್ ಆಗಿ ಮಿಶಲಿನ್ ಪ್ರೆಲ್. ಇಬ್ಬರೂ ಹುಟ್ಟಿದ್ದು 1922ರಲ್ಲಿ! ಪರದೆ ಮೇಲೆ ನಮಗೆ ಕಾಣುವುದು ಸರಿಸಮಾನ ವಯಸ್ಸಿನ ಇಬ್ಬರು ಚೆಲುವರು. ಪುಸ್ತಕದಲ್ಲಿ ಮೂರಕ್ಕೆ ಇಳಿದಿದ್ದ ಅಂತರ ಸಿನಿಮಾದಲ್ಲಿ ಸೊನ್ನೆಯಾಯಿತು. ಅದನ್ನು ನೋಡಿ ಬೆಳೆದ ಜನಕ್ಕೆ ‘ಹದಿನಾರರ ಪ್ರೇಮಿ’ ಅಂದರೆ ಕಣ್ಮುಂದೆ ಬರುವುದು ಇಪ್ಪತ್ತನಾಲ್ಕರ ಗಂಡಸು. 2008ರ ಹೊತ್ತಿಗೆ ಗಾಳಿ ಬದಲಾಗಿತ್ತು. ಜರ್ಮನ್ ಲೇಖಕ ಬರ್ನ್‌ಹಾರ್ಡ್ ಶ್ಲಿಂಕ್ ಬರೆದ, ಇಂಥದೇ ಸಂಬಂಧದ ಕಾದಂಬರಿ ‘ದಿ ರೀಡರ್’ ಸಿನಿಮಾ ಆಗುವಾಗ, ಹದಿನೈದರ ಹುಡುಗನ ಪಾತ್ರ ಮಾಡಿದ ಡೇವಿಡ್ ಕ್ರಾಸ್‌ಗೆ 18 ತುಂಬುವವರೆಗೆ ಕಾದು, ಆಮೇಲೆ ಹಾಸಿಗೆ ದೃಶ್ಯಗಳನ್ನು ಚಿತ್ರೀಕರಿಸಿದರು. ನಟನಿಗೆ ಬೇಕಾದ ಕಾಳಜಿ ಪಾತ್ರಕ್ಕೆ ಬೇಡವಾ ಅಂತ ಕೇಳಿದರೆ ಅದು ಬಾಲಿಶ ಪ್ರಶ್ನೆ ಅನ್ನುತ್ತಾರೆ. ನನಗೇನೋ ಕೇಳಬೇಕು ಅನ್ನಿಸುತ್ತೆ.

ಹಾಗಂತ ಈ ಪುಸ್ತಕವನ್ನು ಕಪಾಟಿನಿಂದ ತೆಗೆಯಿರಿ ಅನ್ನುವವರ ಜೊತೆ ನಾನಿಲ್ಲ. ತೆಗೆದರೆ ಕಳೆದುಕೊಳ್ಳುವುದು ನಾವೇ. ಹುಡುಗನ ಸುತ್ತ ಇದ್ದ ದೊಡ್ಡವರು ಏನು ಮಾಡುತ್ತಿದ್ದರು ಅಂತ ಇಷ್ಟು ನಿಷ್ಠುರವಾಗಿ ಬರೆದ ಪುಸ್ತಕ ಕಡಿಮೆ. ಅಪ್ಪನಿಗೆ ಎಲ್ಲ ಗೊತ್ತು. ಒಂದು ದಿನ ರೇಗುತ್ತಾನೆ, ಮರುದಿನ ಮಗನ ಬಗ್ಗೆ ಒಳಗೊಳಗೇ ಹೆಮ್ಮೆ ಪಡುತ್ತಾನೆ. ಮಾರ್ತ್ ಮನೆಯ ಕೆಳಗಡೆ ಇರುವವರು ಮಾರೇನ್ ದಂಪತಿ. ಗಂಡ ಹಿಂದೆ ಊರ ಪುರಸಭೆಯ ಸದಸ್ಯನಾಗಿದ್ದವನು. ಮೇಲೆ ಏನು ನಡೆಯುತ್ತಿದೆ ಅಂತ ಅವರಿಗೆ ಗೊತ್ತು. ಏನು ಮಾಡುತ್ತಾರೆ ಹೇಳಿ? ಒಂದು ದಿನ ಊರಿನ ಗಣ್ಯರನ್ನು ಮನೆಗೆ ಕರೆಯುತ್ತಾರೆ. ತಿಂಡಿ ಎಲ್ಲ ಇದೆ, ಆದರೆ ಕರೆದಿದ್ದು ಮೇಲಿನ ಸದ್ದು ಕೇಳಿಸಲು. ಈ ಸಂಚು ಮೇಲಿನವರಿಗೆ ಹೇಗೋ ತಿಳಿದುಬಿಡುತ್ತದೆ. ಅವರು ಉಸಿರು ಬಿಗಿಹಿಡಿದು ಸುಮ್ಮನೆ ಕೂರುತ್ತಾರೆ. ಕೆಳಗೆ ಗಣ್ಯರು ಸೂರು ನೋಡುತ್ತಾ ಕಾಯುತ್ತಾರೆ, ಕಾಯುತ್ತಾರೆ, ಪೆಚ್ಚುಮುಖ ಹಾಕಿಕೊಂಡು ಒಬ್ಬೊಬ್ಬರೇ ಎದ್ದು ಹೋಗುತ್ತಾರೆ.

ಟೀ ಅಂಗಡಿಯ ಆ ಮೂರು ನಗುವಿನಲ್ಲಿ ನಾನು ಕಂಡಿದ್ದು ಈ ಗಣ್ಯರನ್ನೇ. ಊರಿಗೆಲ್ಲ ಗೊತ್ತಿದೆ. ಯಾರಿಗೂ ಆ ಹುಡುಗನ ಸ್ಕೂಲು ಏನಾಯಿತು ಅನ್ನುವ ಯೋಚನೆ ಇಲ್ಲ. ಹುಡುಗನಂತೂ ಬಾಯಿಬಿಟ್ಟು ಹೇಳುವವನಲ್ಲ. ನಾನು ಚಿಕ್ಕವನಲ್ಲ, ನಾನೇ ಆಡಿಸಿದೆ, ನಾನೇ ಗೆದ್ದೆ ಅಂತ ಪುಟಪುಟಕ್ಕೂ ಹೇಳುತ್ತಾನೆ. ಹದಿನಾರರ ಹುಡುಗ ಬೇರೆ ಹೇಗೆ ಹೇಳಬೇಕು? ಅನ್ಯಾಯ ಆಯಿತು ಅಂದರೆ ನಗುತ್ತಾರೆ, ಗೆದ್ದೆ ಅಂದರೆ ಬೆನ್ನು ತಟ್ಟುತ್ತಾರೆ. ಅವನು ಮಾರ್ತ್‌ಗೆ ಮಾಡಿದ ಕ್ರೌರ್ಯ ಇದರಿಂದ ಮಾಫಿ ಆಗುವುದಿಲ್ಲ. ಅವಳೂ ಹತ್ತೊಂಬತ್ತರ ಹುಡುಗಿಯೇ, ಅವಳನ್ನೂ ಯಾರೂ ಕೇಳಲಿಲ್ಲ. ಪುಸ್ತಕದ ಒಳಗೆ ನಿಂತು ನೋಡಿದರೆ ಅವಳ ಪರವೇ ನನ್ನ ಮನಸ್ಸು ಹೋಗುತ್ತದೆ. ಪುಸ್ತಕದ ಹೊರಗೆ, ಆ ಹದಿನಾಲ್ಕರ ಹುಡುಗನ ಕಡೆಗೆ.

ರಾದಿಗೆ ಹೆಚ್ಚು ದಿನ ಉಳಿಯಲಿಲ್ಲ. ಪುಸ್ತಕ ಬಂದ ವರ್ಷವೇ, ಡಿಸೆಂಬರ್ 12ರಂದು ಟೈಫಾಯ್ಡ್ ಜ್ವರದಲ್ಲಿ ಹೋದ. ಇಪ್ಪತ್ತು ವರ್ಷ. ಆ ಸಂಬಂಧ ತನಗೇನು ಮಾಡಿತು ಅಂತ ನಲವತ್ತರಲ್ಲೋ ಐವತ್ತರಲ್ಲೋ ತಿರುಗಿ ನೋಡಿ ಬರೆಯುವ ಅವಕಾಶ ಅವನಿಗೆ ಸಿಗಲಿಲ್ಲ. ಶ್ಲಿಂಕ್‌ನ ನಾಯಕನಿಗೆ ಸಿಗುತ್ತದೆ, ಅದಕ್ಕೇ ಆ ಪುಸ್ತಕದ ದನಿ ಅಷ್ಟು ಬೇರೆ.

ಪೋಕ್ಸೊ ಕಾಯ್ದೆಯಲ್ಲಿ ಮಗುವಿನ ಹೆಸರು, ಗುರುತು ಎಲ್ಲೂ ಬರಕೂಡದು. 2025ರ ಆ ಆದೇಶದಲ್ಲೂ ಹುಡುಗನಿಗೆ ಹೆಸರಿಲ್ಲ. ರಾದಿಗೆಯ ಹುಡುಗನಿಗೂ ಕೊನೆಯವರೆಗೆ ಹೆಸರಿಲ್ಲ. ಮಾರ್ತ್ ಮಾತ್ರ ಹುಟ್ಟಿದ ಮಗುವಿಗೆ ಅವನ ಹೆಸರನ್ನೇ ಇಟ್ಟಿರುತ್ತಾಳೆ. ಅವಳು ಸತ್ತ ಮೇಲೆ ಜಾಕ್ ಹುಡುಗನ ಮನೆಗೆ ಬರುತ್ತಾನೆ. ನನ್ನ ಹೆಂಡತಿ ಮಗನ ಹೆಸರು ಕರೆಯುತ್ತಲೇ ಪ್ರಾಣ ಬಿಟ್ಟಳು ಅಂತ ಹುಡುಗನ ಅಪ್ಪನ ಮುಂದೆ ಹೇಳುತ್ತಾನೆ. ಅದು ಯಾರ ಹೆಸರು ಅಂತ ಜಾಕ್‌ಗೆ ಗೊತ್ತಿಲ್ಲ. ಹುಡುಗನಿಗೆ ಗೊತ್ತಾಗುತ್ತದೆ. ಏನು ಹೆಸರು ಅಂತ ನಮಗೆ ಮಾತ್ರ ಅವನು ಹೇಳುವುದಿಲ್ಲ.